ಹಂಟರ್‌ವಾಲಿಯ ಸೂತ್ರಧಾರ

ಬೆಳ್ಳಿತೆರೆಯ ಮೇಲೆ ಕುದುರೆ ನೆಗೆದಾಗ ಚಪ್ಪಾಳೆ ಅದನ್ನೇರಿದವರಿಗೆ ಸಲ್ಲುತ್ತದೆ. ಓಡುವ ರೈಲಿನ ಮೇಲೆ ಕಾದಾಟ ನಡೆದಾಗ ಶಿಳ್ಳೆ ಗೆದ್ದವರ ಪಾಲಾಗುತ್ತದೆ. ಆ ಕುದುರೆ ಎಲ್ಲಿಂದ ನೆಗೆಯಬೇಕು, ಆ ಏಟು ಯಾವ ಗಳಿಗೆಯಲ್ಲಿ ಬೀಳಬೇಕು, ಅದನ್ನು ಯಾವ ಕೋನದಿಂದ ಹಿಡಿದರೆ ನೋಡುವವನ ಎದೆ ಝಲ್ಲೆಂದೀತು ಎಂದು ಮೊದಲೇ ಲೆಕ್ಕ ಹಾಕಿ, ಕ್ಯಾಮೆರಾದ ಮಗ್ಗುಲಲ್ಲಿ ಮೌನವಾಗಿ ನಿಂತವನ ಹೆಸರು ಮಾತ್ರ ಪ್ರೇಕ್ಷಕನ ನಾಲಗೆಗೆ ಬರುವುದಿಲ್ಲ. ಸಾಮಾಜಿಕ ಚಿತ್ರಗಳ ನಿರ್ದೇಶಕನಿಗೆ ವಿಮರ್ಶಕರ ಮನ್ನಣೆಯಾದರೂ ಉಂಟು. ಸಾಹಸ ಚಿತ್ರಗಳ ನಿರ್ದೇಶಕನಿಗೆ ಅದೂ ದುರ್ಲಭ.

ಅಂಥವರ ಪೈಕಿ ಭಾರತದಲ್ಲಿ ಮೊದಲು ನೆನೆಯಬೇಕಾದವರು ಹೋಮಿ ವಾಡಿಯಾ. ಐದು ದಶಕಗಳ ವೃತ್ತಿಜೀವನದಲ್ಲಿ ನಲವತ್ತಕ್ಕೂ ಹೆಚ್ಚು ಚಿತ್ರಗಳನ್ನು ನಿರ್ದೇಶಿಸಿದ ಇವರ ಹೆಸರು ಕೇಳಿದರೆ ಹಳೆಯ ತಲೆಮಾರಿನವರೂ ಕ್ಷಣಕಾಲ ತಡವರಿಸಿಯಾರು. ಆದರೆ ‘ಹಂಟರ್‌ವಾಲಿ’ ಎಂದೊಡನೆ ಅವರ ಮುಖ ಅರಳುತ್ತದೆ. ಚಾವಟಿ ಹಿಡಿದ ಆ ಮುಸುಕಿನ ರಾಜಕುಮಾರಿಯನ್ನು ಈ ದೇಶ ಮರೆಯಲಿಲ್ಲ. ಅವಳನ್ನು ತೆರೆಗೆ ತಂದವರನ್ನು ಮರೆಯಿತು.

ಹಡಗು ಕಟ್ಟಿದವರ ಕುಲ

ಹೋಮಿ ಬೋಮನ್ ವಾಡಿಯಾ ೧೯೧೧ರ ಮೇ ೨೨ರಂದು ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. ವಾಡಿಯಾ ಎಂಬ ಹೆಸರು ಮುಂಬಯಿಯ ಚರಿತ್ರೆಯಲ್ಲಿ ಹೊಸದಲ್ಲ. ಸೂರತ್ತಿನ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಎಂಬ ನಾವೆಯ ಶಿಲ್ಪಿ ೧೭೩೬ರಲ್ಲಿ ಮುಂಬಯಿಗೆ ಬಂದು ಈಸ್ಟ್ ಇಂಡಿಯಾ ಕಂಪೆನಿಗಾಗಿ ಹಡಗುಗಳನ್ನು ಕಟ್ಟತೊಡಗಿದ. ಅವನ ವಂಶದವರು ಮಲಬಾರಿನ ತೇಗದಿಂದ ೧೮೧೭ರಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿ ತೇಲುತ್ತ ನಿಂತಿದೆ. ಇಂಥ ಕುಲದ ಇಬ್ಬರು ಸಹೋದರರು ಮರ ಕೊರೆಯುವುದನ್ನು ಬಿಟ್ಟು ನೆರಳು ಬೆಳಕುಗಳನ್ನು ಕೊರೆಯಲು ಹೊರಟರು. ತಮ್ಮ ಚಿತ್ರಸಂಸ್ಥೆಯ ಲಾಂಛನದಲ್ಲಿ ಮಾತ್ರ ಒಂದು ಹಡಗನ್ನು ಉಳಿಸಿಕೊಂಡರು.

ಹಿರಿಯರು ಜಮ್‌ಷೆಡ್, ಜೆ. ಬಿ. ಎಚ್. ಎಂದೇ ಪ್ರಸಿದ್ಧರು, ತಮ್ಮನಿಗಿಂತ ಹತ್ತು ವರ್ಷ ದೊಡ್ಡವರು. ಎಂ. ಎ. ಹಾಗೂ ಎಲ್‌ಎಲ್. ಬಿ. ಪದವಿಗಳನ್ನು ಪಡೆದ ವಿದ್ಯಾವಂತರು. ಚಲನಚಿತ್ರವೆಂದರೆ ಕುಲೀನರು ಮೂಗು ಮುರಿಯುತ್ತಿದ್ದ ಮೂಕಚಿತ್ರಗಳ ಕಾಲದಲ್ಲಿ ಅವರು ಈ ರಂಗಕ್ಕೆ ಧುಮುಕಿದ್ದೇ ಒಂದು ಸಾಹಸ. ತಮ್ಮ ಹೋಮಿ ಕಾಲೇಜಿನ ಓದನ್ನು ಬಿಟ್ಟು ಅಣ್ಣನ ಬೆನ್ನು ಹಿಡಿದರು. ಅಣ್ಣನದು ಪುಸ್ತಕದ ಬುದ್ಧಿ. ಕಥೆ, ಸಂಭಾಷಣೆ, ಚರ್ಚೆಗಳಲ್ಲಿ ಆಸಕ್ತಿ. ತಮ್ಮನದು ಕಣ್ಣು ಕೈಗಳ ಬುದ್ಧಿ. ಕ್ಯಾಮೆರಾ ಕಂಡರೆ ಪ್ರೀತಿ, ಮಾತೆಂದರೆ ಸಂಕೋಚ. ಅಮೆರಿಕದ ಡಗ್ಲಸ್ ಫೇರ್‌ಬ್ಯಾಂಕ್ಸನ ಕತ್ತಿವರಸೆಯ ಚಿತ್ರಗಳು ಇಬ್ಬರಿಗೂ ಅಚ್ಚುಮೆಚ್ಚು.

೧೯೩೩ರಲ್ಲಿ ಸಹೋದರರು ವಿತರಕರಾದ ಬಿಲಿಮೋರಿಯಾ ಹಾಗೂ ಟಾಟಾ ಮನೆತನದ ಇಬ್ಬರು ಸಹೋದರರ ಪಾಲುಗಾರಿಕೆಯಲ್ಲಿ ‘ವಾಡಿಯಾ ಮೂವಿಟೋನ್’ ಸಂಸ್ಥೆಯನ್ನು ಸ್ಥಾಪಿಸಿದರು. ಪರೇಲಿನ ‘ಲವ್‌ಜಿ ಕ್ಯಾಸಲ್’ ಎಂಬ ಕುಟುಂಬದ ಹಳೆಯ ಬಂಗಲೆಯೇ ಸ್ಟುಡಿಯೋ ಆಯಿತು. ಅದೇ ವರ್ಷ ತೆರೆಕಂಡ ಸಂಸ್ಥೆಯ ಮೊದಲ ವಾಕ್ಚಿತ್ರ ‘ಲಾಲ್-ಎ-ಯಮನ್’ಗೆ ಅಣ್ಣ ನಿರ್ದೇಶಕ, ತಮ್ಮ ಛಾಯಾಗ್ರಾಹಕ.

ಹೆಸರು ಬದಲಿಸಲೊಲ್ಲದ ಹುಡುಗಿ

೧೯೩೪ರಲ್ಲಿ ಈ ಸ್ಟುಡಿಯೋದ ಬಾಗಿಲಿಗೆ ಹೊಂಗೂದಲ, ನೀಲಿಗಣ್ಣಿನ, ಗಟ್ಟಿ ಮೈಕಟ್ಟಿನ ತರುಣಿಯೊಬ್ಬಳು ಬಂದಳು. ಹುಟ್ಟು ಹೆಸರು ಮೇರಿ ಇವಾನ್ಸ್. ಜನನ ೧೯೦೮ರ ಜನವರಿ ೮ರಂದು, ಆಸ್ಟ್ರೇಲಿಯದ ಪರ್ತ್ ನಗರದಲ್ಲಿ. ಬ್ರಿಟಿಷ್ ಸೈನ್ಯದಲ್ಲಿದ್ದ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದಿದ್ದರು. ತಾಯಿ ಗ್ರೀಕ್ ಮೂಲದವರು. ಎಳವೆಯಲ್ಲೇ ಭಾರತಕ್ಕೆ ಬಂದ ಹುಡುಗಿ ವಾಯವ್ಯ ಗಡಿನಾಡಿನಲ್ಲಿ ಕುದುರೆ ಸವಾರಿ ಕಲಿತಳು, ಮುಂಬಯಿಯ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಎಂಬ ಮಳಿಗೆಯಲ್ಲಿ ಮಾರಾಟಗಾರ್ತಿಯಾದಳು, ನೃತ್ಯ ಕಲಿತಳು, ಸರ್ಕಸ್ಸಿನಲ್ಲಿ ಕೆಲಸ ಮಾಡಿದಳು. ಜ್ಯೋತಿಷ್ಯ ಹೇಳುವವರೊಬ್ಬರ ಮಾತು ಕೇಳಿ ‘ನಾಡಿಯಾ’ ಎಂದು ಹೆಸರಿಟ್ಟುಕೊಂಡಿದ್ದಳು.

ಈ ರೂಪವನ್ನೂ ಈ ಹೆಸರನ್ನೂ ಭಾರತೀಯ ಪ್ರೇಕ್ಷಕರು ಒಪ್ಪುವರೇ ಎಂಬ ಶಂಕೆ ಜಮ್‌ಷೆಡ್ಡರನ್ನು ಕಾಡಿತು. ‘ನಂದಾದೇವಿ’ ಎಂದು ಹೆಸರು ಬದಲಿಸಿ, ಕಪ್ಪು ಜಡೆಯ ಕೃತಕ ಕೂದಲು ಧರಿಸಬಾರದೇಕೆ ಎಂದು ಅವರು ಸೂಚಿಸಿದರಂತೆ. ತಾನು ನಂದೆಯೂ ಅಲ್ಲ, ದೇವಿಯೂ ಅಲ್ಲ, ಕರಾರಿನಲ್ಲಿ ಇಂಥ ಷರತ್ತೂ ಇಲ್ಲ ಎಂದ ಆಕೆ, ‘ನಾಡಿಯಾ’ ಎಂಬುದು ‘ವಾಡಿಯಾ’ಕ್ಕೆ ಚೆನ್ನಾಗಿ ಪ್ರಾಸವಾಗುತ್ತದೆಂದು ನಕ್ಕಳಂತೆ. ಆ ದಿಟ್ಟತನ ಸಹೋದರರಿಗೆ ಹಿಡಿಸಿತು. ಎರಡು ಚಿತ್ರಗಳಲ್ಲಿ ಚಿಕ್ಕ ಪಾತ್ರಗಳನ್ನು ಕೊಟ್ಟು ನೋಡಿ, ಆಕೆಗಾಗಿಯೇ ಒಂದು ಕಥೆಯನ್ನು ಹೆಣೆದರು. ಅದರ ನಿರ್ದೇಶನದ ಭಾರ ಹೋಮಿಯವರ ಮೇಲೆ ಬಿತ್ತು. ಆಗ ನಿರ್ದೇಶಕರ ವಯಸ್ಸು ಇಪ್ಪತ್ತನಾಲ್ಕು, ನಾಯಕಿಯದು ಇಪ್ಪತ್ತೇಳು.

ಕೊಳ್ಳುವವರಿಲ್ಲದ ಚಿತ್ರ

ಕಾಲವನ್ನು ಇಲ್ಲಿ ನೆನೆಯಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಗೆ ಬಂದದ್ದು ೧೯೩೪ರಲ್ಲಿ. ಭಾಷೆ ಯಾವುದಾದರೂ ನಾಯಕಿಯ ಲಕ್ಷಣ ಬಹುಮಟ್ಟಿಗೆ ಒಂದೇ ಆಗಿತ್ತು: ಸಹಿಸುವುದು, ಕಾಯುವುದು, ಕಣ್ಣೀರು ಸುರಿಸುವುದು. ಅದರ ಮರುವರ್ಷವೇ ಹೋಮಿಯವರ ‘ಹಂಟರ್‌ವಾಲಿ’ ಸಿದ್ಧವಾಯಿತು. ಇದರ ನಾಯಕಿ ರಾಜಕುಮಾರಿ ಮಾಧುರಿ ದುಷ್ಟ ಮಂತ್ರಿಯ ಅನ್ಯಾಯವನ್ನು ಎದುರಿಸಲು ಯಾವ ರಾಜಕುಮಾರನನ್ನೂ ಕಾಯುವುದಿಲ್ಲ. ಮುಖಕ್ಕೆ ಮುಸುಕು ಕಟ್ಟಿ, ಕೈಯಲ್ಲಿ ಚಾವಟಿ ಹಿಡಿದು, ಕುದುರೆಯೇರಿ ತಾನೇ ಹೊರಡುತ್ತಾಳೆ. ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾಳೆ. ಗಂಡಸರನ್ನು ಹೆಗಲಿಗೆತ್ತಿ ಎಸೆಯುತ್ತಾಳೆ.

ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು ರೂ. ೮೦,೦೦೦ ಎನ್ನುತ್ತಾರೆ, ಅಂದಿನ ದಿನಕ್ಕೆ ಅದು ದೊಡ್ಡ ಮೊತ್ತ. ಆದರೆ ಅದನ್ನು ಕೊಳ್ಳಲು ವಿತರಕರು ಮುಂದೆ ಬರಲಿಲ್ಲ. ಬಿಳಿಯ ಹೆಣ್ಣು, ತೊಟ್ಟದ್ದು ಮೊಣಕಾಲು ಕಾಣುವ ಉಡುಗೆ, ಕೈಯಲ್ಲಿ ಚಾವಟಿ. ಇದನ್ನು ಮನೆಮಂದಿಯೆಲ್ಲ ಕುಳಿತು ನೋಡುವುದುಂಟೆ ಎಂಬುದು ಅವರ ಅಳುಕು. ಕೈಸೇರಿದ ಹಣವೆಲ್ಲ ಡಬ್ಬಗಳಲ್ಲಿ ಸುರುಳಿಯಾಗಿ ಬಿದ್ದಿತ್ತು. ಕೊನೆಗೆ ವಾಡಿಯಾ ಸಹೋದರರೂ ಪಾಲುದಾರ ಬಿಲಿಮೋರಿಯಾ ಅವರೂ ಸೇರಿ ತಾವೇ ಚಿತ್ರವನ್ನು ಗ್ರಾಂಟ್ ರಸ್ತೆಯ ಸೂಪರ್ ಸಿನಿಮಾದಲ್ಲಿ ಬಿಡುಗಡೆ ಮಾಡಿದರು.

ಚಿತ್ರ ಇಪ್ಪತ್ತೈದು ವಾರಗಳನ್ನು ದಾಟಿ ಓಡಿತು. ಹಂಟರ್‌ವಾಲಿಯ ಹೆಸರಿನಲ್ಲಿ ಚಾವಟಿಗಳು, ಸೊಂಟಪಟ್ಟಿಗಳು, ಬೆಂಕಿಪೊಟ್ಟಣಗಳು ಬೀದಿಯಲ್ಲಿ ಮಾರಾಟಕ್ಕೆ ಬಂದವು. ಅವುಗಳಿಗೆ ವಾಡಿಯಾ ಸಹೋದರರ ಅಪ್ಪಣೆಯನ್ನು ಕೇಳಿದವರಿಲ್ಲ. ಕುದುರೆಯ ಮೇಲಿಂದ ಕೈಯೆತ್ತಿ ನಾಡಿಯಾ ಹಾಕುತ್ತಿದ್ದ ‘ಹೇ...ಯ್!’ ಎಂಬ ಕೂಗು ದೇಶದ ಮೂಲೆಮೂಲೆಗೆ ತಲುಪಿತು. ಶಿರಸಿ, ಧಾರವಾಡಗಳಲ್ಲಿ ಬೆಳೆದ ಗಿರೀಶ ಕಾರ್ನಾಡರು ೧೯೮೦ರಲ್ಲಿ ಬರೆದ ಲೇಖನವೊಂದರಲ್ಲಿ, ತಮ್ಮ ಬಾಲ್ಯದ ಧ್ವನಿಗಳಲ್ಲೆಲ್ಲ ಮರೆಯಲಾಗದ್ದು ಈ ಕೂಗೇ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ.

ಪರದೇಶದ ಚಹರೆಯ ಹೆಣ್ಣನ್ನು ಜನ ತಮ್ಮವಳೆಂದು ಒಪ್ಪಿದ್ದು ಹೇಗೆ? ಪರರ ಆಳ್ವಿಕೆಯಲ್ಲಿದ್ದ ದೇಶಕ್ಕೆ, ಸಿಂಹಾಸನ ಕದ್ದವನನ್ನು ಅಟ್ಟಾಡಿಸಿ ಹೊಡೆಯುವ ಕಥೆಯ ಇಂಗಿತವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜಮ್‌ಷೆಡ್ಡರು ರಾಷ್ಟ್ರೀಯ ಭಾವನೆಯನ್ನು ಸೆನ್ಸಾರಿನ ಕಣ್ಣಿಗೆ ಬೀಳದಂತೆ ಕಥೆಯ ಮಡಿಲಲ್ಲಿ ಹುದುಗಿಸುತ್ತಿದ್ದರು. ಚಾವಟಿ ಹಿಡಿದ ಕೈ ಯಾವ ಬಣ್ಣದ್ದೆಂಬುದಕ್ಕಿಂತ, ಅದು ಯಾರ ಪರವಾಗಿ ಬೀಸುತ್ತಿದೆ ಎಂಬುದು ನೆಲದ ಮೇಲೆ ಕುಳಿತು ನೋಡುತ್ತಿದ್ದ ಜನಕ್ಕೆ ಮುಖ್ಯವಾಯಿತು.

ಸಾಹಸದ ಲೆಕ್ಕಾಚಾರ

ಯಶಸ್ಸಿನ ಬೆನ್ನಲ್ಲೇ ೧೯೩೬ರಲ್ಲಿ ‘ಮಿಸ್ ಫ್ರಾಂಟಿಯರ್ ಮೇಲ್’ ಬಂದಿತು. ಮುಂಬಯಿಯಿಂದ ಪೆಷಾವರದವರೆಗೆ ಓಡುತ್ತಿದ್ದ ಫ್ರಾಂಟಿಯರ್ ಮೇಲ್ ಅಂದಿನ ವೇಗದ ಕಲ್ಪನೆಗೆ ಇನ್ನೊಂದು ಹೆಸರಾಗಿತ್ತು. ಈ ಚಿತ್ರದಲ್ಲಿ ರಾಜಕುಮಾರಿ ಇಲ್ಲ, ಮುಸುಕಿಲ್ಲ. ಕೊಲೆಯ ಸುಳ್ಳು ಆರೋಪಕ್ಕೆ ಗುರಿಯಾದ ರೈಲ್ವೆ ನೌಕರನ ಮಗಳು ಸವಿತಾ ತಂದೆಯ ಮಾನ ಉಳಿಸಲು ಹೊರಡುತ್ತಾಳೆ. ಓಡುವ ರೈಲಿನ ಛಾವಣಿಯ ಮೇಲೆ ಅವಳು ನಡೆಸುವ ಕಾದಾಟ ಇಂದಿಗೂ ಚಲನಚಿತ್ರ ಚರಿತ್ರೆಯ ಪುಸ್ತಕಗಳಲ್ಲಿ ಉಲ್ಲೇಖಗೊಳ್ಳುತ್ತದೆ. ‘ಪಂಜಾಬ್ ಮೇಲ್’, ‘ಡೈಮಂಡ್ ಕ್ವೀನ್’, ‘ಜಂಗಲ್ ಪ್ರಿನ್ಸೆಸ್’ ಒಂದರ ಹಿಂದೊಂದು ತೆರೆಕಂಡವು.

ನಾಡಿಯಾ ಬದಲಿ ನಟಿಯ ನೆರವಿಲ್ಲದೆ ತಮ್ಮ ಸಾಹಸಗಳನ್ನು ತಾವೇ ಮಾಡುತ್ತಿದ್ದರು. ಕೆಲವು ಕಡೆ ಜೀವಂತ ಸಿಂಹಗಳ ಎದುರಿಗೂ ನಿಲ್ಲಬೇಕಾಯಿತು. ಜೊತೆಗೆ ಅಂಗಸಾಧನೆಯಲ್ಲಿ ಹೆಸರು ಮಾಡಿದ್ದ ಜಾನ್ ಕಾವಸ್, ಬೋಮನ್ ಶ್ರಾಫ್‌ರಂಥ ಸಹನಟರು. ‘ಪಂಜಾಬ್ ಕಾ ಬೇಟಾ’ ಎಂಬ ಕುದುರೆ, ‘ರೋಲ್ಸ್ ರಾಯ್ಸ್ ಕೀ ಬೇಟಿ’ ಎಂಬ ಮೋಟಾರುಗಾಡಿ ಇವುಗಳಿಗೂ ಹೆಸರಿತ್ತು, ಪಾತ್ರವಿತ್ತು, ಅಭಿಮಾನಿಗಳಿದ್ದರು.

ಇಂದು ಗಣಕಯಂತ್ರದ ಮುಂದೆ ಕುಳಿತು ಬೆಟ್ಟವನ್ನೇ ಉರುಳಿಸಬಹುದು. ಅಂದು ಬೀಳುವುದೆಂದರೆ ನಿಜವಾಗಿಯೇ ಬೀಳುವುದು. ಸಾಹಸ ಚಿತ್ರಗಳವರ ಬಳಿ ಇದ್ದ ಉಪಾಯಗಳು ಸರಳ. ವಾಕ್ಚಿತ್ರವನ್ನು ಸೆಕೆಂಡಿಗೆ ೨೪ ಚಿತ್ರಗಳಂತೆ ಹಿಡಿಯುವುದು ವಾಡಿಕೆ. ಕಾದಾಟದ ದೃಶ್ಯಗಳಲ್ಲಿ ಕ್ಯಾಮೆರಾವನ್ನು ಅದಕ್ಕಿಂತ ನಿಧಾನವಾಗಿ ಓಡಿಸಿ ಕಡಿಮೆ ಚಿತ್ರಗಳನ್ನು ಹಿಡಿದು, ಚಿತ್ರಮಂದಿರದಲ್ಲಿ ಮಾಮೂಲು ವೇಗದಲ್ಲೇ ತೋರಿಸಿದರೆ, ಹದವಾಗಿ ಬೀಸಿದ ಕೈ ಮಿಂಚಿನಂತೆ ಬೀಸಿದಂತೆ ಕಾಣುತ್ತದೆ. ಆದರೆ ಅತಿಯಾದರೆ ವೀರರಸ ಹಾಸ್ಯವಾಗುತ್ತದೆ. ಎಷ್ಟು ಸಾಕು ಎಂಬುದನ್ನು ಬಲ್ಲ ಕಣ್ಣು ಬೇಕು. ಛಾಯಾಗ್ರಾಹಕರಾಗಿ ಪಳಗಿದ ಹೋಮಿಯವರಿಗೆ ಆ ಕಣ್ಣಿತ್ತು.

ಅಣ್ಣ ತಮ್ಮಂದಿರ ಕವಲು ದಾರಿ

೧೯೪೦ರ ‘ಡೈಮಂಡ್ ಕ್ವೀನ್’ ಚಿತ್ರದಲ್ಲಿ ನಾಡಿಯಾ ಖಳರನ್ನು ಥಳಿಸುವುದರೊಂದಿಗೆ ಸ್ತ್ರೀಯರ ವಿದ್ಯೆ, ಸ್ವಾತಂತ್ರ್ಯಗಳ ವಿಷಯವಾಗಿಯೂ ಮಾತನಾಡುತ್ತಾರೆ. ಆ ಮಾತುಗಳಲ್ಲಿ ಜಮ್‌ಷೆಡ್ಡರ ಮನಸ್ಸು ಕಾಣುತ್ತದೆ. ಅವರು ಎಂ. ಎನ್. ರಾಯ್ ಅವರ ವಿಚಾರಗಳಿಗೆ ಒಲಿದವರು. ಚಲನಚಿತ್ರ ಜನರನ್ನು ತಿದ್ದಬೇಕು, ಕಲೆಯಾಗಿ ಬೆಳೆಯಬೇಕು ಎಂಬ ಹಂಬಲ ಅವರಲ್ಲಿ ಬಲಿಯುತ್ತಿತ್ತು. ೧೯೪೧ರಲ್ಲಿ ಅವರ ಸಂಸ್ಥೆ ಮಧು ಬೋಸ್ ಅವರ ನಿರ್ದೇಶನದಲ್ಲಿ ‘ರಾಜನರ್ತಕಿ’ಯನ್ನು ಇಂಗ್ಲಿಷ್ ಸೇರಿದಂತೆ ಮೂರು ಭಾಷೆಗಳಲ್ಲಿ ತೆಗೆಯಿತು.

ಹೋಮಿಯವರ ಒಲವು ಬೇರೆ. ದಿನವಿಡೀ ದುಡಿದು ಬಂದು ಮುಂದಿನ ಸಾಲಿನಲ್ಲಿ, ನಮ್ಮ ಕಡೆ ‘ಗಾಂಧಿ ಕ್ಲಾಸು’ ಎನಿಸಿಕೊಂಡ ನೆಲದ ಮೇಲೆ, ಕೂರುವವನಿಗೆ ಎರಡು ಗಂಟೆಗಳ ಕಾಲ ಮೈಮರೆಯುವಂಥ ಆನಂದ ಕೊಡುವುದೂ ಒಂದು ಯೋಗ್ಯ ಕಾರ್ಯವೆಂಬಂತೆ ಅವರು ಕೆಲಸ ಮಾಡಿದರು. ಪ್ರತಿಷ್ಠಿತರು ‘ಸ್ಟಂಟ್ ಚಿತ್ರ’ ಎಂದು ತಾತ್ಸಾರದಿಂದ ಕರೆದ ಬಗೆಯನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ. ಹೀಗೆ ದಾರಿಗಳು ಕವಲೊಡೆದವು. ೧೯೪೨ರಲ್ಲಿ ಹೋಮಿ ಬೇರೆಯಾಗಿ ‘ಬಸಂತ್ ಪಿಕ್ಚರ್ಸ್’ ಸ್ಥಾಪಿಸಿದರು. ಅದೇ ವರ್ಷ ಪರೇಲಿನ ಆ ಸ್ಟುಡಿಯೋದ ಆವರಣದಲ್ಲಿ ವಿ. ಶಾಂತಾರಾಮ್ ಅವರ ‘ರಾಜಕಮಲ್ ಕಲಾಮಂದಿರ’ ತಲೆಯೆತ್ತಿತು.

ಹೊಸ ಸಂಸ್ಥೆಗೆ ಆಸರೆಯಾದದ್ದು ಹಳೆಯ ಚಾವಟಿಯೇ. ೧೯೪೩ರ ‘ಹಂಟರ್‌ವಾಲಿ ಕೀ ಬೇಟಿ’ ಜಯಭೇರಿ ಬಾರಿಸಿತು. ಹೋಮಿ ಸ್ವಂತ ಕಾಲ ಮೇಲೆ ನಿಂತರು. ಮುಂದೆ ಚೆಂಬೂರಿನಲ್ಲಿ ಬಸಂತ್ ಸ್ಟುಡಿಯೋ ಕಟ್ಟಿದರು.

ಕಪ್ಪು ದಾರದ ಮಾಯೆ

ಸ್ವಾತಂತ್ರ್ಯ ಬಂದ ಮೇಲೆ ಪ್ರೇಕ್ಷಕರ ರುಚಿ ಹೊರಳಿತು. ಮುಸುಕಿನ ವೀರಾಂಗನೆಯ ಸೆಳೆತ ತಗ್ಗಿತು. ಹೋಮಿ ಎದೆಗುಂದಲಿಲ್ಲ, ಚಾವಟಿ ಕೆಳಗಿಟ್ಟು ಗದೆಯನ್ನು ಎತ್ತಿಕೊಂಡರು. ೧೯೪೮ರಲ್ಲಿ ಅವರು ನಿರ್ದೇಶಿಸಿದ ‘ಶ್ರೀ ರಾಮಭಕ್ತ ಹನುಮಾನ್’ ಅಪಾರ ಯಶಸ್ಸು ಕಂಡಿತು. ಸಾಗರ ಲಂಘಿಸುವ ಆಂಜನೇಯನಿಗಿಂತ ದೊಡ್ಡ ಸಾಹಸಿ ಭಾರತೀಯರಿಗೆ ಬೇರಾರು? ಮೇಲುನೋಟಕ್ಕೆ ಇದು ಪೌರಾಣಿಕ ಚಿತ್ರ. ಒಳಗೆ ಹೋಮಿಯವರ ಹಳೆಯ ಸಾಹಸ ಚಿತ್ರವೇ.

ಈ ಲೋಕವನ್ನು ಕಟ್ಟುವುದರಲ್ಲಿ ಅವರಿಗೆ ಒದಗಿದ ಕೈ ಬಾಬೂಭಾಯಿ ಮಿಸ್ತ್ರಿ ಅವರದು. ೧೯೩೭ರಲ್ಲಿ ವಿಜಯ್ ಭಟ್ಟರ ‘ಖ್ವಾಬ್ ಕೀ ದುನಿಯಾ’ ಚಿತ್ರದಲ್ಲಿ, ಕಣ್ಣಿಗೆ ಕಾಣದ ಮನುಷ್ಯನ ಕರಾಮತ್ತುಗಳನ್ನು ತೋರಿಸಲು ಮಿಸ್ತ್ರಿ ಕಪ್ಪು ದಾರವನ್ನು ಬಳಸಿದ್ದರು. ಕಪ್ಪು ಹಿನ್ನೆಲೆಯ ಮುಂದೆ ಕಪ್ಪು ದಾರ ಕಾಣುವುದಿಲ್ಲ. ದಾರಕ್ಕೆ ಕಟ್ಟಿದ ಲೋಟ, ಕುರ್ಚಿ, ಗದೆ ತಾವೇ ಚಲಿಸುವಂತೆ ತೋರುತ್ತವೆ. ಅಂದಿನಿಂದ ಚಿತ್ರರಂಗದಲ್ಲಿ ಅವರಿಗೆ ‘ಕಾಲಾ ಧಾಗಾ’ ಎಂಬ ಅಡ್ಡಹೆಸರೇ ಬಿತ್ತು. ನಮ್ಮ ತೊಗಲುಗೊಂಬೆಯಾಟದವರು ಕಡ್ಡಿ ಹಿಡಿದು ಮಾಡುವುದನ್ನು ಇವರು ದಾರ ಹಿಡಿದು ಮಾಡಿದರು.

‘ಅಲ್ಲಾದ್ದೀನ್ ಔರ್ ಜಾದೂಯಿ ಚಿರಾಗ್’ ೧೯೫೨ರಲ್ಲಿ, ‘ಅಲೀಬಾಬಾ ಔರ್ ಚಾಲೀಸ್ ಚೋರ್’ ೧೯೫೪ರಲ್ಲಿ, ಬಣ್ಣದಲ್ಲಿ ತೆಗೆದ ‘ಹಾತಿಮ್ ತಾಯಿ’ ೧೯೫೬ರಲ್ಲಿ ಬಂದವು. ಮುಂದೆ ಅಭಿನಯದಲ್ಲಿ ಉತ್ತುಂಗಕ್ಕೇರಿದ ಮೀನಾಕುಮಾರಿ ‘ಬೈಜೂ ಬಾವ್ರಾ’ದಿಂದ ಖ್ಯಾತಿ ಪಡೆಯುವ ಮುನ್ನ ‘ಹನುಮಾನ್ ಪಾತಾಳ ವಿಜಯ್’ನಂಥ ಬಸಂತ್ ಸಂಸ್ಥೆಯ ಚಿತ್ರಗಳಲ್ಲಿ ನಾಯಕಿಯಾಗಿದ್ದರು ಎಂಬುದನ್ನು ಇಂದು ಹಲವರು ಮರೆತಿದ್ದಾರೆ. ೧೯೬೧ರಲ್ಲಿ ಹೋಮಿ ನಿರ್ಮಿಸಿ ಮಿಸ್ತ್ರಿ ನಿರ್ದೇಶಿಸಿದ ‘ಸಂಪೂರ್ಣ ರಾಮಾಯಣ’ ದೇಶದಾದ್ಯಂತ ಜನರನ್ನು ಸೆಳೆಯಿತು. ಒಂದು ಕಾಲಕ್ಕೆ ಮನೆಮಂದಿ ನೋಡಲು ತಕ್ಕುದಲ್ಲವೆಂದು ವಿತರಕರು ಹಿಂಜರಿದಿದ್ದ ನಿರ್ದೇಶಕರ ಲಾಂಛನದ ಚಿತ್ರಕ್ಕೆ ಮನೆಮಂದಿಯೆಲ್ಲ ಕೈಮುಗಿದುಕೊಂಡು ಬಂದರು.

ತೆರೆಯ ಮೇಲೆ ಬರದ ಕಥೆ

ಈ ನಡುವೆ ಹೋಮಿಯವರ ಸ್ವಂತ ಬಾಳಿನಲ್ಲಿ ಬೇರೊಂದು ಕಥೆ ನಡೆದಿತ್ತು. ಮೂವತ್ತರ ದಶಕದಲ್ಲಿ ಒಟ್ಟಿಗೆ ದುಡಿಯುತ್ತಲೇ ಹೋಮಿ ಮತ್ತು ನಾಡಿಯಾ ಪರಸ್ಪರ ಒಲಿದಿದ್ದರು. ಆದರೆ ಆಕೆ ಪರಧರ್ಮೀಯಳು, ಚಿತ್ರನಟಿ. ಪಾರ್ಸಿ ಮನೆತನದ ಕಟ್ಟುಪಾಡು ದೊಡ್ಡದು. ತಾಯಿ ಧುನ್‌ಮಾಯಿ ಈ ಸಂಬಂಧವನ್ನು ಒಪ್ಪಲಿಲ್ಲ. ಜಮ್‌ಷೆಡ್ಡರ ಬೆಂಬಲ ಮಾತ್ರ ಇತ್ತು.

ಹೋಮಿಯವರ ಚಿತ್ರಗಳಲ್ಲಾಗಿದ್ದರೆ ನಾಯಕ ಗೋಡೆ ಹಾರಿ, ಕುದುರೆಯೇರಿ, ನಾಯಕಿಯನ್ನು ಕರೆದೊಯ್ಯುತ್ತಿದ್ದ. ಇಲ್ಲವೇ ನಾಯಕಿಯೇ ನಾಯಕನನ್ನು ಹೆಗಲಿಗೆತ್ತಿಕೊಳ್ಳುತ್ತಿದ್ದಳು! ಬಾಳಿನಲ್ಲಿ ಹೋಮಿ ಹಾಗೆ ಮಾಡಲಿಲ್ಲ. ತಾಯಿಯ ಮನಸ್ಸನ್ನು ಮುರಿದು ಮದುವೆಯಾಗಲೂ ಇಲ್ಲ, ನಾಡಿಯಾರನ್ನು ಬಿಟ್ಟು ಬೇರೊಬ್ಬಳ ಕೈಹಿಡಿಯಲೂ ಇಲ್ಲ. ಕಾದರು. ನಾಡಿಯಾ ಕೂಡ ಕಾದರು. ಅವರ ಮದುವೆ ನಡೆದದ್ದು ೧೯೬೧ರಲ್ಲಿ. ವರನಿಗೆ ಐವತ್ತು, ವಧುವಿಗೆ ಐವತ್ತಮೂರು. ‘ಹಂಟರ್‌ವಾಲಿ’ ತೆರೆಕಂಡು ಇಪ್ಪತ್ತಾರು ವರ್ಷಗಳು ಕಳೆದಿದ್ದವು.

ಇದು ಮಾತೃಭಕ್ತಿಯೋ, ದೌರ್ಬಲ್ಯವೋ ಎಂದು ಕೇಳುವವರುಂಟು. ಆ ಕಾಯುವಿಕೆಯ ಬೆಲೆಯನ್ನು ತೆತ್ತವರಲ್ಲಿ ನಾಡಿಯಾರ ಪಾಲೇ ಹೆಚ್ಚೆಂದು ಹೇಳಿದರೂ ತಪ್ಪಾಗದು. ತೆರೆಯ ಮೇಲೆ ಯಾರಿಗೂ ಕಾಯದ ಹೆಣ್ಣು ಬಾಳಿನಲ್ಲಿ ಕಾಲು ಶತಮಾನ ಕಾಯಬೇಕಾಯಿತು. ಆದರೆ ಇಬ್ಬರೂ ತಮ್ಮ ಮಾತನ್ನು ಕೈಬಿಡಲಿಲ್ಲ. ೧೯೬೮ರಲ್ಲಿ ಹೋಮಿ ‘ಖಿಲಾಡಿ’ ಎಂಬ ಗೂಢಚಾರರ ಚಿತ್ರ ತೆಗೆದಾಗ, ಅರವತ್ತರ ನಾಡಿಯಾ ಮತ್ತೊಮ್ಮೆ ಕ್ಯಾಮೆರಾದ ಎದುರು ಬಂದು ನಿಂತರು. ಆಕೆಯ ಕೊನೆಯ ಚಿತ್ರಕ್ಕೂ ಪತಿಯೇ ನಿರ್ದೇಶಕ.

ಕೊನೆಯ ದಿನಗಳು

೧೯೮೧ರಲ್ಲಿ ಬಸಂತ್ ಸ್ಟುಡಿಯೋ ಬಾಗಿಲು ಮುಚ್ಚಿತು. ಸಾಹಸ ಚಿತ್ರಗಳು ಆಗ ಹಿಂದೀ ಚಿತ್ರರಂಗವನ್ನೇ ಆಳುತ್ತಿದ್ದವು. ಕೋಪಗೊಂಡ ತರುಣ ನಾಯಕ ಹತ್ತಾರು ಜನರನ್ನು ಹೊಡೆದುರುಳಿಸುವ ದೃಶ್ಯಕ್ಕೆ ಪ್ರತಿಷ್ಠಿತರೂ ಚಪ್ಪಾಳೆ ತಟ್ಟುತ್ತಿದ್ದರು. ಆ ದಾರಿಗೆ ಮೊದಲ ಕಲ್ಲು ಹಾಸಿದವರನ್ನು ಯಾರೂ ಕೇಳಲಿಲ್ಲ.

೧೯೯೩ರಲ್ಲಿ ಜಮ್‌ಷೆಡ್ಡರ ಮೊಮ್ಮಗ ರಿಯಾದ್ ವಿಂಚಿ ವಾಡಿಯಾ ‘ಫಿಯರ್‌ಲೆಸ್: ದಿ ಹಂಟರ್‌ವಾಲಿ ಸ್ಟೋರಿ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಅದು ಬರ್ಲಿನ್ ಚಿತ್ರೋತ್ಸವದವರೆಗೆ ಹೋಯಿತು. ಜರ್ಮನ್ ಲೇಖಕಿ ಡೊರೊತೇ ವೆನ್ನರ್ ನಾಡಿಯಾರ ಜೀವನ ಕುರಿತು ಪುಸ್ತಕ ಬರೆದರು. ಗ್ರಾಂಟ್ ರಸ್ತೆಯ ಶಿಳ್ಳೆಗಳಿಗಷ್ಟೇ ತಕ್ಕುದೆನಿಸಿದ್ದ ಚಿತ್ರಗಳ ಮೇಲೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಪ್ರಬಂಧ ಬರೆಯತೊಡಗಿದರು. ನಾಡಿಯಾ ೧೯೯೬ರ ಜನವರಿ ೯ರಂದು, ಎಂಬತ್ತೆಂಟನೆಯ ಹುಟ್ಟುಹಬ್ಬದ ಮರುದಿನ, ತೀರಿಕೊಂಡರು. ಹೋಮಿ ೨೦೦೪ರ ಡಿಸೆಂಬರ್ ೧೦ರಂದು ತಮ್ಮ ತೊಂಬತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು.

ಕಲೆಯ ಚರಿತ್ರೆಯನ್ನು ಬರೆಯುವವರು ಗಂಭೀರ ಕೃತಿಗಳನ್ನೇ ಎಣಿಸುತ್ತಾರೆ. ಅದು ನ್ಯಾಯವೂ ಹೌದು. ಆದರೆ ಒಂದು ಜನಾಂಗದ ಹೆಣ್ಣುಮಕ್ಕಳು ಕತ್ತಲೆಯ ಮಂದಿರದಲ್ಲಿ ಕುಳಿತು, ಹೆಣ್ಣೊಬ್ಬಳು ಅನ್ಯಾಯದ ಎದುರು ಕೈಯೆತ್ತಿದ್ದನ್ನು ಕಂಡದ್ದೂ ಚರಿತ್ರೆಯೇ. ಅದನ್ನು ತೋರಿಸಿದವರು ಭಾಷಣ ಮಾಡಲಿಲ್ಲ, ಪ್ರಶಸ್ತಿಗೆ ಕೈಚಾಚಲಿಲ್ಲ. ಗೊಂಬೆಯಾಟದಲ್ಲಿ ದಾರ ಕಂಡರೆ ಆಟ ಕೆಟ್ಟಂತೆ. ಹೋಮಿ ವಾಡಿಯಾ ತಮ್ಮ ಆಟ ಕೆಡಲು ಕೊನೆಯವರೆಗೂ ಬಿಡಲಿಲ್ಲ.